ಮೂರ್ತಿ ಮಾತಾಡಿತು, ಭವಿಷ್ಯ ನಿಜವಾಯಿತೆ?

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಅದು ಪ್ರಬಂಧ ಬರೆಯುತ್ತದೆ, ಕೋಡ್ ಬರೆಯುತ್ತದೆ ಎಂಬ ಸುದ್ದಿ ಹಳತಾಗುವ ಮೊದಲೇ ಪ್ರವಚನಕಾರರು ಇನ್ನೊಂದು ಸುದ್ದಿ ಹೊತ್ತು ತಂದರು: ಇದೆಲ್ಲ ಶಾಸ್ತ್ರದಲ್ಲಿ ಮೊದಲೇ ಬರೆದಿದೆ. ಕೆಲವು ಪಾಸ್ಟರ್‌ಗಳು ಬೈಬಲ್ಲಿನ ಕೊನೆಯ ಪುಸ್ತಕ ತೆರೆದರು. ಮುಸ್ಲಿಂ ವಾಗ್ಮಿಗಳಲ್ಲಿ ಕೆಲವರಿಗೆ ಅಂತ್ಯಕಾಲದ ವಂಚಕ ದಜ್ಜಾಲ್ ನೆನಪಾದ. ಕಲಿಯುಗದ ಲಕ್ಷಣಗಳನ್ನು ಎಣಿಸುವ ವಾಟ್ಸ್‌ಆ್ಯಪ್ ಪಟ್ಟಿಗಳಿಗೆ ಹೊಸ ಸಾಲೊಂದು ಸೇರಿತು. ಈ ಮಾತನ್ನು ನಾಲ್ಕು ಜನರ ಮರುಳು ಎಂದು ತಳ್ಳಿಹಾಕುವಂತಿಲ್ಲ. ಚಾಟ್‌ಜಿಪಿಟಿ ಬರುವ ಮೊದಲೇ, ಅದೇ ವರ್ಷ ಪ್ಯೂ ಸಂಶೋಧನಾ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ 39 ಮಂದಿ ತಾವು ಅಂತ್ಯಕಾಲದಲ್ಲಿ ಬದುಕುತ್ತಿದ್ದೇವೆ ಎಂದಿದ್ದರು. ಎಐ ತಯಾರಾಗುತ್ತಿರುವುದು ಬಹುಪಾಲು ಆ ದೇಶದಲ್ಲೇ. ಹಾಗಾಗಿ ಪ್ರಶ್ನೆಯನ್ನು ನೇರವಾಗಿಯೇ ಕೇಳೋಣ. ಯಾವ ಧರ್ಮದ ಯಾವ ಮಾತು ಈ ಯಂತ್ರಕ್ಕೆ ಹೊಂದುತ್ತದೆ? ಹೊಂದಿದರೆ ಅದು ಭವಿಷ್ಯವಾಣಿ ನಿಜವಾದಂತೆಯೆ?

ಅತಿ ಹೆಚ್ಚು ಚಲಾವಣೆಯಲ್ಲಿರುವುದು ಪ್ರಕಟನೆ ಗ್ರಂಥದ 13ನೇ ಅಧ್ಯಾಯ. ಅಲ್ಲಿ ಎರಡು ಮೃಗಗಳು ಬರುತ್ತವೆ, ಒಂದು ಸಮುದ್ರದಿಂದ, ಇನ್ನೊಂದು ನೆಲದಿಂದ. ಎರಡನೆಯದಕ್ಕೆ ಕುರಿಮರಿಯಂತೆ ಎರಡು ಕೊಂಬು, ಮಾತು ಮಾತ್ರ ಘಟಸರ್ಪದ್ದು. ಅದು ಜನರಿಂದ ಮೊದಲ ಮೃಗದ ಮೂರ್ತಿ ಮಾಡಿಸುತ್ತದೆ, ಆ ಮೂರ್ತಿಗೆ ಉಸಿರು ಕೊಡುತ್ತದೆ, ಮೂರ್ತಿ ಮಾತಾಡುತ್ತದೆ. ಅದಕ್ಕೆ ಅಡ್ಡಬೀಳದವರಿಗೆ ಸಾವು. ಬಲಗೈಯಲ್ಲೋ ಹಣೆಯಲ್ಲೋ ಮೃಗದ ಗುರುತು ಇಲ್ಲದವರು ಏನನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆ ಮೃಗದ ಸಂಖ್ಯೆ 666. ಬೆರಳಚ್ಚು, ಮುಖದ ಗುರುತು, ನಗದಿಲ್ಲದ ವ್ಯವಹಾರ, ಅದರ ಮೇಲೆ ಈಗ ಮಾತಾಡುವ ಯಂತ್ರ. ಇಷ್ಟನ್ನು ಒಟ್ಟಿಗೆ ಓದಿದವರಿಗೆ ಮೈ ಜುಮ್ಮೆಂದರೆ ಆಶ್ಚರ್ಯವಿಲ್ಲ.

ಆದರೆ ಆ ಪುಸ್ತಕವನ್ನು ಮೊದಲು ಕೇಳಿಸಿಕೊಂಡವರು ನಾವಲ್ಲ. ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಏಳು ಸಭೆಗಳಿಗೆ ಅದನ್ನು ಬರೆದದ್ದು. ಕಾಲ ಮೊದಲ ಶತಮಾನದ ಕೊನೆ, ಬಹುಶಃ ಡೊಮಿಷಿಯನ್ ಚಕ್ರವರ್ತಿಯ ಆಳ್ವಿಕೆ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಆ ಊರುಗಳಲ್ಲಿ ಚಕ್ರವರ್ತಿಗೆ ಗುಡಿಗಳಿದ್ದವು, ಮೂರ್ತಿಗಳಿದ್ದವು. ಮೂರ್ತಿಯ ಮುಂದೆ ಧೂಪ ಹಾಕಲು ಒಪ್ಪದವನ ನಿಷ್ಠೆಯ ಮೇಲೆ ಊರಿಗೆ ಅನುಮಾನ ಹುಟ್ಟುತ್ತಿತ್ತು. 666ರ ಒಗಟನ್ನು ಬಿಡಿಸುವ ಬಗೆಯೂ ಅವರ ಕೈಗೆಟುಕುವಂಥದ್ದು. 'ನೀರೋನ್ ಕೈಸರ್' (ನೀರೋ ಚಕ್ರವರ್ತಿ) ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಅಕ್ಷರಗಳ ಬೆಲೆ ಕೂಡಿಸಿದರೆ 666 ಬರುತ್ತದೆ. ಲ್ಯಾಟಿನ್ ರೀತಿಯಲ್ಲಿ ಕೊನೆಯ ನಕಾರ ಬಿಟ್ಟರೆ 50 ಕಡಿಮೆಯಾಗಿ 616. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಳೆಯ ಪಪೈರಸ್ ತುಣುಕೊಂದರಲ್ಲಿ ಇರುವುದು 616 ಎಂದೇ. ಎರಡನೇ ಶತಮಾನದ ಇರೆನೇಯಸ್‌ಗೂ ಈ ಪಾಠಾಂತರ ಗೊತ್ತಿತ್ತು, ಅವನು ಅದನ್ನು ತಪ್ಪೆಂದ. ಕ್ರೈಸ್ತರನ್ನು ಹಿಂಸಿಸಿದ ದೊರೆಯ ಹೆಸರನ್ನು ಬಾಯಿಬಿಟ್ಟು ಹೇಳಲಾಗದ ಜನ ಲೆಕ್ಕದಲ್ಲಿ ಹೇಳಿದ್ದಾರೆ.

ಹಾಗಾದರೆ ಮಾತಾಡುವ ಮೂರ್ತಿ? ಅದೂ ಆ ಸೀಮೆಗೆ ಹೊಸದಾಗಿರಲಿಲ್ಲ. ಎರಡನೇ ಶತಮಾನದಲ್ಲಿ ಕಪ್ಪು ಸಮುದ್ರದ ದಂಡೆಯ ಅಬೊನೊಟೈಕಸ್ ಎಂಬ ಊರಿನಲ್ಲಿ ಅಲೆಕ್ಸಾಂಡರ್ ಎಂಬಾತ ಗ್ಲೈಕಾನ್ ಎಂಬ ಸರ್ಪದೇವರನ್ನು ನಿಲ್ಲಿಸಿದ್ದ. ಅವನ ಕೈಚಳಕವನ್ನು ಲೂಸಿಯನ್ ಎಂಬ ಗ್ರೀಕ್ ವಿಡಂಬನಕಾರ ಬಿಡಿಸಿ ಬರೆದಿದ್ದಾನೆ. ಸಾಕಿದ ದೊಡ್ಡ ಹಾವು ಅಲೆಕ್ಸಾಂಡರನ ಮೈಗೆ ಸುತ್ತಿಕೊಂಡಿರುತ್ತದೆ. ಅದರ ನಿಜವಾದ ತಲೆ ಅವನ ಕಂಕುಳಲ್ಲಿ. ಹೊರಗೆ ಕಾಣುವುದು ಬಟ್ಟೆಯಲ್ಲಿ ಮಾಡಿ ಬಣ್ಣ ಬಳಿದ, ಮನುಷ್ಯನ ಮುಖದ ತಲೆ. ಕೊಕ್ಕರೆಗಳ ಶ್ವಾಸನಾಳಗಳನ್ನು ಒಂದಕ್ಕೊಂದು ಜೋಡಿಸಿ ಕೊಳವೆ ಮಾಡಿ ಆ ತಲೆಯೊಳಗಿಂದ ಹಾಯಿಸಿದ್ದರು. ಹೊರಗೆ ಕುಳಿತವನು ಕೊಳವೆಯಲ್ಲಿ ಉತ್ತರ ಹೇಳಿದರೆ ದೇವರ ಬಾಯಿಂದ ಮಾತು ಹೊರಡುತ್ತಿತ್ತು. ಈ ನೇರ ನುಡಿಯ ಸೇವೆ ಎಲ್ಲರಿಗೂ ಇರಲಿಲ್ಲ, ದುಡ್ಡು ಬಿಚ್ಚುವ ದೊಡ್ಡಮನುಷ್ಯರಿಗೆ ಮಾತ್ರ. ಬಡವರು ಚೀಟಿಯಲ್ಲಿ ಬರೆದ ಉತ್ತರಕ್ಕೆ ತೃಪ್ತರಾಗಬೇಕಿತ್ತು. ಅಗ್ಗದ ಆವೃತ್ತಿ, ದುಬಾರಿ ಆವೃತ್ತಿ ಎಂಬ ಭೇದ ನಮ್ಮ ಕಾಲದ ಕಂಪನಿಗಳು ಕಂಡುಹಿಡಿದದ್ದೇನೂ ಅಲ್ಲ.

ಮಾತಾಡುವ ಮೂರ್ತಿ ಎಂದಾಗ ಆ ಕಾಲದ ಕೇಳುಗ ಇಪ್ಪತ್ತೊಂದನೇ ಶತಮಾನದ ಯಂತ್ರವನ್ನು ಊಹಿಸಬೇಕಾಗಿರಲಿಲ್ಲ. ಗುಡಿಯಲ್ಲಿ ನಡೆಯುವ ಮೋಸ, ಮೋಸದ ಹಿಂದಿನ ಅಧಿಕಾರ ಎರಡೂ ಅವನಿಗೆ ಗೊತ್ತಿದ್ದವು. ಆದರೂ ಆ ಅಧ್ಯಾಯ ಪ್ರತಿ ಪೀಳಿಗೆಯಲ್ಲೂ ಹೊಸ ಯಂತ್ರದ ಕೊರಳಿಗೆ ಬೀಳುತ್ತ ಬಂದಿದೆ. ಈ ಮೆರವಣಿಗೆಯನ್ನು ಸ್ವಲ್ಪ ನೋಡಬೇಕು.

1970ರಲ್ಲಿ ಹ್ಯಾಲ್ ಲಿಂಡ್ಸೆ ಬರೆದ 'ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ಥ್' ಆ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳಲ್ಲೊಂದು. ಮೊದಲ ಮೃಗದ ಹತ್ತು ಕೊಂಬುಗಳೆಂದರೆ ಯುರೋಪಿನ ಸಾಮಾನ್ಯ ಮಾರುಕಟ್ಟೆಯ ಹತ್ತು ದೇಶಗಳು ಎಂಬ ಸೂಚನೆ ಅದರಲ್ಲಿತ್ತು. 1981ರಲ್ಲಿ ಗ್ರೀಸ್ ಸೇರಿ ಸರಿಯಾಗಿ ಹತ್ತಾಯಿತು. ನಂಬಿದವರಿಗೆ ಹಬ್ಬ. 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾಯಿತು. ಕೊಂಬಿನ ಲೆಕ್ಕದ ಸುದ್ದಿ ಮೆಲ್ಲಗೆ ನಿಂತಿತು. ಇದೇ ಕಾಲದಲ್ಲಿ ಬ್ರಸೆಲ್ಸ್‌ನಲ್ಲಿ 'ಮೃಗ' ಎಂಬ ಹೆಸರಿನ ಮಹಾಗಣಕವೊಂದಿದೆ, ಲೋಕದ ಪ್ರತಿಯೊಬ್ಬರಿಗೂ ಅದು ನಂಬರು ಕೊಡಲಿದೆ ಎಂಬ ಗಾಳಿಸುದ್ದಿ ಹಬ್ಬಿತು. ಮೂಲ ಹುಡುಕಿದವರಿಗೆ ಸಿಕ್ಕಿದ್ದು ಒಂದು ಕ್ರೈಸ್ತ ಕಾದಂಬರಿಯ ಕಲ್ಪನೆ.

ಬಾರ್‌ಕೋಡಿನ ಕಥೆ ಇನ್ನೂ ಸೊಗಸು. 1974ರ ಜೂನ್ 26ರಂದು ಓಹಾಯೊದ ಟ್ರಾಯ್ ಎಂಬ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ರಿಗ್ಲೀಸ್ ಚ್ಯೂಯಿಂಗ್ ಗಮ್ ಪ್ಯಾಕೆಟ್ಟೊಂದು ಮೊದಲ ಬಾರಿಗೆ ಸ್ಕ್ಯಾನರ್ ಮೇಲೆ ಹಾಯಿತು. ಬೆಲೆ 67 ಸೆಂಟ್. ಹತ್ತು ವರ್ಷ ಕಳೆಯುವುದರೊಳಗೆ ಬಾರ್‌ಕೋಡಿನ ಆರಂಭ, ನಡು, ಕೊನೆಯ ಉದ್ದಗೆರೆಗಳು ಮೂರು ಆರುಗಳೇ ಎಂದು ಪುಸ್ತಕಗಳು ಸಾರುತ್ತಿದ್ದವು. ಅದನ್ನು ರೂಪಿಸಿದ ಐಬಿಎಂ ಎಂಜಿನಿಯರ್ ಜಾರ್ಜ್ ಲಾರರ್, ಆ ಗೆರೆಗಳು ಆರರ ಸಂಕೇತವನ್ನು ಹೋಲುವುದು ಕಾಕತಾಳೀಯ ಎಂದು ಮುಪ್ಪಿನವರೆಗೂ ಜನರಿಗೆ ವಿವರಿಸುತ್ತಲೇ ಇದ್ದರು. ಆಮೇಲೆ ಕ್ರೆಡಿಟ್ ಕಾರ್ಡು, ಚರ್ಮದಡಿಯ ಚಿಪ್, ಕೋವಿಡ್ ಲಸಿಕೆ.

ಈ ಸಾಲಿನಲ್ಲಿ ನಮ್ಮ ದೇಶದ್ದೂ ಒಂದಿದೆ. ಆಧಾರ್ ಬಂದಾಗ ಮಿಜೋರಾಮಿನ ಕೆಲವು ಕ್ರೈಸ್ತರು ಇದು ಮೃಗದ ಸಂಖ್ಯೆ ಎಂದು ನೋಂದಣಿಗೆ ಒಪ್ಪಲಿಲ್ಲ. ಹನ್ನೆರಡು ಅಂಕಿ, ಕಣ್ಣಿನ ಪಾಪೆ, ಹತ್ತು ಬೆರಳು. ಅದಿಲ್ಲದೆ ಪಡಿತರಕ್ಕೂ ತೊಡಕು. ಆ ಮಿಜೋ ಭಕ್ತರ ದೇವತಾಶಾಸ್ತ್ರವನ್ನು ನಾನು ಒಪ್ಪಲಾರೆ. ಆದರೆ ಬೆರಳಚ್ಚು ಹೊಂದದೆ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ವಾಪಸಾದ ಮುದುಕಿಯನ್ನು ಕಂಡವರು, ಕೊಳ್ಳಲು ಮಾರಲು ಗುರುತು ಬೇಕು ಎಂಬ ಭಯ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಬಲ್ಲರು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆಧಾರ್ ಎಲ್ಲೆಲ್ಲಿ ಬೇಕು, ಎಲ್ಲಿ ಕೇಳುವಂತಿಲ್ಲ ಎಂದು ಗೆರೆ ಎಳೆಯಬೇಕಾಯಿತು.

ಗೂಟ ಒಂದೇ, ಕಟ್ಟಿದ ದನ ಬೇರೆ ಬೇರೆ. ನೀರೋನಿಂದ ಬಾರ್‌ಕೋಡಿನವರೆಗೆ ಎಲ್ಲವನ್ನೂ ಕಟ್ಟಿಸಿಕೊಂಡ ಗೂಟ ಈ ಸಲ ಕಟ್ಟಿದ್ದೇ ತನ್ನ ನಿಜವಾದ ದನ ಎಂದರೆ ನಂಬುವುದಕ್ಕೆ ಇನ್ನಷ್ಟು ಆಧಾರ ಬೇಕು.

ಬೈಬಲ್ಲಿನ ಇನ್ನೊಂದು ಮಾತು ದಾನಿಯೇಲನ ಗ್ರಂಥದ 12ನೇ ಅಧ್ಯಾಯದ್ದು. ಅಂತ್ಯಕಾಲದಲ್ಲಿ ಬಹಳ ಜನ ಅತ್ತಿತ್ತ ಓಡಾಡುವರು, ತಿಳಿವಳಿಕೆ ಹೆಚ್ಚುವುದು ಎಂಬ ಅರ್ಥದ್ದು. ದತ್ತಾಂಶದ ಮಹಾಪೂರವನ್ನು ಕಂಡವರಿಗೆ ಇದು ಎಐ ಕುರಿತೇ ಹೇಳಿದಂತೆ ಕೇಳುತ್ತದೆ. ಆದರೆ ಇದೇ ಸಾಲನ್ನು ಫ್ರಾನ್ಸಿಸ್ ಬೇಕನ್ 1620ರಲ್ಲಿ ತನ್ನ 'ನೋವಂ ಆರ್ಗನಂ' ಗ್ರಂಥದ ಮುಖಪುಟದಲ್ಲಿ ಹಡಗಿನ ಚಿತ್ರದ ಕೆಳಗೆ ಅಚ್ಚು ಹಾಕಿಸಿದ್ದ. ದೂರದೇಶದ ಸಮುದ್ರಯಾನ, ಹೊಸ ವಿಜ್ಞಾನ ಎರಡೂ ಒಂದೇ ಕಾಲದಲ್ಲಿ ಬಂದಿರುವುದು ದಾನಿಯೇಲನ ಮಾತು ಕೈಗೂಡಿದ ಲಕ್ಷಣ ಎಂದು ಅವನು ನಂಬಿದ್ದ. ವಿಜ್ಞಾನ ಹುಟ್ಟಿದ್ದು ಧರ್ಮದ ಎದುರಾಳಿಯಾಗಿ ಎಂದು ಶಾಲೆಯಲ್ಲಿ ಕಲಿತ ನಮಗೆ ಇದು ತುಸು ಇರುಸುಮುರುಸು. ಅದು ಹುಟ್ಟುವಾಗ ಕೈಯಲ್ಲಿ ಭವಿಷ್ಯವಾಣಿ ಹಿಡಿದುಕೊಂಡೇ ಬಂದಿತ್ತು. ನ್ಯೂಟನ್ ಅಂತೂ ದಾನಿಯೇಲ ಮತ್ತು ಪ್ರಕಟನೆಯ ಲೆಕ್ಕಕ್ಕೆ ಜೀವಮಾನದ ದೊಡ್ಡ ಭಾಗ ಕೊಟ್ಟ. ಜೆರುಸಲೇಮಿನ ಗ್ರಂಥಾಲಯದಲ್ಲಿರುವ ಅವನ ಹಸ್ತಪ್ರತಿಯಲ್ಲಿ 2060 ಎಂಬ ವರ್ಷ ಸಿಗುತ್ತದೆ, ಅದಕ್ಕೂ ಮೊದಲು ಅಂತ್ಯವಿಲ್ಲ ಎಂಬ ಅರ್ಥದಲ್ಲಿ. ದಿನ ಗೊತ್ತುಮಾಡಿ ಶಾಸ್ತ್ರಕ್ಕೆ ಕೆಟ್ಟ ಹೆಸರು ತರುವವರ ಬಾಯಿ ಮುಚ್ಚಿಸಲು ಈ ಲೆಕ್ಕ ಎಂದೂ ಬರೆದಿದ್ದಾನೆ. ಅವನ ಬುದ್ಧಿವಾದ ಯಾರ ಕಿವಿಗೂ ಬಿದ್ದಂತಿಲ್ಲ. ನಾಸಾದಲ್ಲಿ ಕೆಲಸ ಮಾಡಿದ್ದ ಎಡ್ಗರ್ ವಿಸೆನಂಟ್ ಎಂಬ ಎಂಜಿನಿಯರ್ 1988ರಲ್ಲೇ ಯೇಸು ಭಕ್ತರನ್ನು ಮೇಲಕ್ಕೆತ್ತಿಕೊಳ್ಳಲು 88 ಕಾರಣಗಳಿವೆ ಎಂದು ಪುಸ್ತಕ ಬರೆದ, ಲಕ್ಷಗಟ್ಟಲೆ ಪ್ರತಿ ಹಂಚಿಹೋಯಿತು, 1989 ಎಂದಿನಂತೆ ಬಂತು.

ಇಸ್ಲಾಮಿನ ಪರಂಪರೆಯಲ್ಲಿ ಎಐಗೆ ಹೊಂದಿಸುವ ಮಾತುಗಳಲ್ಲಿ ಒಂದು ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿತು. ತಿರ್ಮಿದಿ ಸಂಗ್ರಹದ ಒಂದು ಹದೀಸ್ ಪ್ರಕಾರ ಅಂತ್ಯದ ಗಳಿಗೆ ಬರುವ ಮುನ್ನ ಕಾಡುಪ್ರಾಣಿಗಳು ಮನುಷ್ಯರೊಡನೆ ಮಾತಾಡುತ್ತವೆ, ಮನುಷ್ಯನ ಚಾಟಿಯ ತುದಿ, ಚಪ್ಪಲಿಯ ದಾರ ಅವನೊಡನೆ ಮಾತಾಡುತ್ತವೆ, ತಾನು ಮನೆಯಲ್ಲಿಲ್ಲದಾಗ ಮನೆಯವರು ಏನು ಮಾಡಿದರೆಂದು ಅವನ ತೊಡೆಯೇ ಅವನಿಗೆ ಹೇಳುತ್ತದೆ. ಪ್ಯಾಂಟಿನ ಜೇಬಿನಲ್ಲಿ ಫೋನು, ಫೋನಿನಲ್ಲಿ ಮನೆಯ ಸಿಸಿಟಿವಿ ದೃಶ್ಯ. ಅದು ತೊಡೆಗೆ ಒತ್ತಿಕೊಂಡು ಗುಂಯ್‌ಗುಡುವುದನ್ನು ನೆನೆದರೆ ಈ ಸಾಲನ್ನು ಹಂಚಿಕೊಳ್ಳುವ ಯುವಕರ ಬೆರಗು ಅರ್ಥವಾಗುತ್ತದೆ. ಈ ಇಡೀ ಹುಡುಕಾಟದಲ್ಲಿ ಇಷ್ಟು ನಿರ್ದಿಷ್ಟವಾದ, ಇಷ್ಟು ಮನೆಮಾತಿನ ಚಿತ್ರ ಬೇರೊಂದಿಲ್ಲ. ಆದರೆ ಇಡೀ ಸಾಲನ್ನು ಓದಬೇಕು. ಕಾಡುಪ್ರಾಣಿಗಳಿನ್ನೂ ಮಾತಾಡಿಲ್ಲ, ಚಪ್ಪಲಿ ದಾರವೂ ಸುಮ್ಮನಿದೆ. ಹೊಂದಿದ ಅಂಗವನ್ನು ಎತ್ತಿಕೊಂಡು ಹೊಂದದ್ದನ್ನು ಬಿಟ್ಟರೆ ಯಾವ ಮಾತು ತಾನೇ ಹೊಂದುವುದಿಲ್ಲ?

ದಜ್ಜಾಲ್ ವಿಚಾರ ಬೇರೆ. ಒಕ್ಕಣ್ಣಿನ ಮಹಾವಂಚಕ, ಮಳೆ ಸುರಿಸುವವನು, ಸ್ವರ್ಗವೆಂದು ನರಕ ತೋರಿಸುವವನು. ಒಂದೇ ಕಣ್ಣು ಎಂದರೆ ಕ್ಯಾಮೆರಾ ಎಂಬುದು ಈಗಿನ ಜನಪ್ರಿಯ ಓದು. ಇದಕ್ಕೂ ಹಿರಿಯರಿದ್ದಾರೆ. ಅಹ್ಮದಿಯಾ ಪಂಥದ ಸ್ಥಾಪಕ ಮಿರ್ಜಾ ಗುಲಾಮ್ ಅಹ್ಮದ್ ಹತ್ತೊಂಬತ್ತನೇ ಶತಮಾನದ ಪಂಜಾಬಿನಲ್ಲಿ ಕುಳಿತು ದಜ್ಜಾಲನ ಕತ್ತೆ ಎಂದರೆ ರೈಲು ಎಂದಿದ್ದರು. ಬೆಂಕಿ ತಿನ್ನುತ್ತದೆ, ಹೊಟ್ಟೆಯಲ್ಲಿ ಜನರನ್ನು ಹೊರುತ್ತದೆ, ಮೋಡದಂತೆ ಓಡುತ್ತದೆ. ಯಹೂದಿ ಕುಟುಂಬದಲ್ಲಿ ಹುಟ್ಟಿ ಮುಸ್ಲಿಮರಾದ ಮುಹಮ್ಮದ್ ಅಸದ್ ತಮ್ಮ 1954ರ 'ದಿ ರೋಡ್ ಟು ಮೆಕ್ಕಾ'ದಲ್ಲಿ ದಜ್ಜಾಲನನ್ನು ಒಂದು ಕಣ್ಣಿನಿಂದ ಮಾತ್ರ ನೋಡುವ ಆಧುನಿಕ ತಂತ್ರ ನಾಗರಿಕತೆಯ ರೂಪಕವಾಗಿ ಓದಿದರು. ಆದರೆ ಸಾಂಪ್ರದಾಯಿಕ ಉಲಮಾಗಳು ದಜ್ಜಾಲ್ ಎಂದರೆ ಮನುಷ್ಯ, ಯಂತ್ರವೂ ಅಲ್ಲ ನಾಗರಿಕತೆಯೂ ಅಲ್ಲ ಎಂದು ಪಟ್ಟುಹಿಡಿಯುತ್ತಾರೆ. ಕುರ್‌ಆನಿನ 27ನೇ ಅಧ್ಯಾಯದಲ್ಲಿ ನೆಲದಿಂದ ಎದ್ದು ಜನರೊಡನೆ ಮಾತಾಡುವ ಜೀವಿಯೂ ಅವರಿಗೆ ಜೀವಿಯೇ. ಇದಕ್ಕಿಂತ ದೊಡ್ಡ ತಡೆ ಇನ್ನೊಂದಿದೆ. ಅಂತ್ಯದ ಗಳಿಗೆ ಯಾವಾಗ ಎಂಬ ತಿಳಿವು ದೇವರೊಬ್ಬನದು ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ದೇವದೂತ ಜಿಬ್ರೀಲ್ ಕೇಳಿದಾಗ ಪ್ರವಾದಿಯವರೇ, ಕೇಳಿದವನಿಗಿಂತ ತನಗೆ ಹೆಚ್ಚು ಗೊತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟರೆಂದು ಪ್ರಸಿದ್ಧ ಹದೀಸ್ ಇದೆ. ಅದೇ ಹದೀಸಿನಲ್ಲಿ ಬರಿಗಾಲಿನ ಕುರುಬರು ಎತ್ತರದ ಕಟ್ಟಡ ಕಟ್ಟಲು ಪೈಪೋಟಿ ನಡೆಸುವರು ಎಂಬ ಲಕ್ಷಣವೂ ಇದೆ. 828 ಮೀಟರಿನ ಬುರ್ಜ್ ಖಲೀಫಾ ಎದ್ದಾಗ ಅದನ್ನು ನೆನೆಯದವರು ಕಡಿಮೆ.

ಯಹೂದಿಗಳಲ್ಲಿ ಈ ಗದ್ದಲ ಕಡಿಮೆ. ಅವರ ಬಳಿ ಕೃತಕ ಮನುಷ್ಯನ ಕಥೆಗಳಿವೆ, ಅವು ಭವಿಷ್ಯವಾಣಿಗಳಲ್ಲ. ರಾವಾ ಎಂಬ ಗುರು ಒಬ್ಬ ಮನುಷ್ಯನನ್ನು ಸೃಷ್ಟಿಸಿ ರಬ್ಬಿ ಜೇರಾ ಬಳಿಗೆ ಕಳಿಸಿದ, ಜೇರಾ ಮಾತಾಡಿಸಿದ, ಅದು ಉತ್ತರಿಸಲಿಲ್ಲ, ಮಣ್ಣಿಗೆ ಮರಳು ಎಂದುಬಿಟ್ಟ ಎಂದು ತಾಲ್ಮುದ್‌ನಲ್ಲಿದೆ. ಮಾತೇ ಪರೀಕ್ಷೆ. ಇಂದಿನ ಯಂತ್ರ ಆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತಿತ್ತು, ಪಾಪ ಜೇರಾ. ಇಸ್ರೇಲಿನ ರೆಹೊವೊಟ್‌ನ ಗಣಕವೊಂದಕ್ಕೆ 1965ರಲ್ಲಿ 'ಗೋಲೆಮ್ ಆಲೆಫ್' ಎಂದು ಹೆಸರಿಡುವಾಗ ಭಾಷಣ ಮಾಡಿದವರು ಯಹೂದಿ ಅನುಭಾವದ ಮಹಾವಿದ್ವಾಂಸ ಗೆರ್‌ಶೋಮ್ ಶೋಲೆಮ್.

ನಮ್ಮ ಕಡೆಗೆ ಬರೋಣ. ಕಲಿಯುಗದ ಲೆಕ್ಕ ಹಿಡಿದವರಿಗೆ ಎಐ ಬಗ್ಗೆ ಆತುರ ಪಡಲು ಕಾರಣವೇ ಇಲ್ಲ. ಯುಗದ ಉದ್ದ 4,32,000 ವರ್ಷ, ಶುರುವಾದದ್ದು ಕ್ರಿಸ್ತಪೂರ್ವ 3102ರಲ್ಲಿ. ಇನ್ನೂ 4,26,000 ವರ್ಷಕ್ಕೂ ಹೆಚ್ಚು ಬಾಕಿ. ಭಾಗವತದ ಹನ್ನೆರಡನೇ ಸ್ಕಂಧದ ಪ್ರಕಾರ ಕಲ್ಕಿ ಶಂಭಲ ಗ್ರಾಮದ ವಿಷ್ಣುಯಶಸ್ಸಿನ ಮನೆಯಲ್ಲಿ ಹುಟ್ಟಿ ದೇವದತ್ತ ಎಂಬ ಕುದುರೆ ಏರಿ ಬರುತ್ತಾನೆ. ಆ ಕುದುರೆಯನ್ನು ಅಲ್ಗಾರಿದಮ್ ಮಾಡುವ ವಿಡಿಯೊಗಳೂ ಬಂದಿವೆ, ಅವನ್ನು ನೋಡಿ ಮುಂದೆ ಹೋಗುವುದೇ ಸರಿ. ಭವಿಷ್ಯ ಪುರಾಣದ ಕಥೆ ಮಾತ್ರ ಪಾಠ ಹೇಳುವಂತಿದೆ. ಅದರ ಪ್ರತಿಸರ್ಗ ಪರ್ವದಲ್ಲಿ ಆದಮ, ಮಹಮ್ಮದ, ಕಬೀರ, ಅಕ್ಬರ್ ಎಲ್ಲರೂ ಬರುತ್ತಾರೆ, ಇಂಗ್ಲಿಷರ ಆಳ್ವಿಕೆ ಬರುತ್ತದೆ, ವಿಕ್ಟೋರಿಯಾ ರಾಣಿಯೂ ಬರುತ್ತಾಳೆ. ಅಲ್ಲಿಂದಾಚೆಗೆ ಪುರಾಣಕ್ಕೆ ಮಂಜು ಕವಿಯುತ್ತದೆ. ಕಾರಣ ಸರಳ, ಆ ಭಾಗಗಳು ಸೇರುತ್ತ ಹೋದದ್ದೇ ಹತ್ತೊಂಬತ್ತನೇ ಶತಮಾನದವರೆಗೆ. ನಡೆದುಹೋದದ್ದನ್ನು ಮುಂದೆ ನಡೆಯುವುದೆಂದು ಬರೆದರೆ ತಪ್ಪುವ ಭಯವಿಲ್ಲ.

ಕನ್ನಡದ ಕಾಲಜ್ಞಾನಗಳೂ ಇದೇ ದಾರಿಯವು, ಆದರೆ ಅವುಗಳ ಒಡಲಲ್ಲಿ ನೋವಿದೆ. 1565ರ ರಕ್ಕಸತಂಗಡಿ ಯುದ್ಧದ ಬಳಿಕ ವಿಜಯನಗರ ಹಾಳಾಯಿತು. ವಿದ್ಯಾರಣ್ಯರ ಹೆಸರಿನಲ್ಲಿರುವ ಕಾಲಜ್ಞಾನವು ಆ ಪತನವನ್ನು ಸಾಮ್ರಾಜ್ಯ ಹುಟ್ಟುವಾಗಲೇ ಹೇಳಿದ್ದಂತೆ ಹೇಳುತ್ತದೆ. ಅದು ಪತನದ ನಂತರದ ರಚನೆ ಎಂದು ಇತಿಹಾಸಕಾರರು ತೋರಿಸಿದ್ದಾರೆ. ಕೊಡೇಕಲ್ಲು ಬಸವಣ್ಣನವರ ಪರಂಪರೆಯಲ್ಲೂ ಕಾಲಜ್ಞಾನದ ದೊಡ್ಡ ರಾಶಿಯೇ ಇದೆ. ವೀರವಸಂತರಾಯ ಎಂಬ ದೊರೆ ಮರಳಿ ಬಂದು ನೆಲವನ್ನು ಸರಿಪಡಿಸುತ್ತಾನೆ ಎಂಬ ಆಸೆ ಈ ಸಾಹಿತ್ಯದ ಜೀವಾಳ. ಕಡಪ ಸೀಮೆಯ ಪೋತುಲೂರಿ ವೀರಬ್ರಹ್ಮಂ ಅವರ ಕಾಲಜ್ಞಾನವನ್ನಂತೂ 2020ರಲ್ಲಿ ಕೊರೊನಾಗೆ ಹೊಂದಿಸಿದ ಸಂದೇಶಗಳು ಗಡಿ ದಾಟಿ ನಮ್ಮ ಫೋನುಗಳಿಗೂ ಬಂದವು.

ನುಡಿ ಹೇಗೆ ನಿಜವಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಆಕಾಶ ನೋಡಿ ಒಂದು ಸಾಲಿನ ಕಾರ್ಣಿಕ ನುಡಿದು ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅವನ ಕೆಲಸ ಅಲ್ಲಿಗೆ ಮುಗಿಯಿತು, ಉಳಿದವರದು ಶುರುವಾಯಿತು. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ವರ್ತಕ ಧಾರಣೆ ಹುಡುಕುತ್ತಾನೆ, ಟಿವಿ ವಾಹಿನಿಗಳು ಮುಖ್ಯಮಂತ್ರಿಯ ಕುರ್ಚಿ ಹುಡುಕುತ್ತವೆ. ವರ್ಷದ ಕೊನೆಗೆ ಯಾವುದೋ ಒಂದು ಅರ್ಥ ನಿಜವಾಗಿರುತ್ತದೆ, ಕಾರ್ಣಿಕ ಸುಳ್ಳಾಗಲಿಲ್ಲ ಎಂದಾಗುತ್ತದೆ. ಮೈಲಾರದ ಜನ ಇದರಲ್ಲಿ ಯಾರನ್ನೂ ಮೋಸಗೊಳಿಸುತ್ತಿಲ್ಲ. ನುಡಿ ದೇವರದು, ಅರ್ಥ ನಿಮ್ಮದು ಎಂಬ ಹಂಚಿಕೆ ಅಲ್ಲಿ ಎಲ್ಲರಿಗೂ ಗೊತ್ತು. ಪ್ರಕಟನೆಯನ್ನು ಎಐಗೆ ಹೊಂದಿಸುವ ಪ್ರವಚನಕಾರ ಮಾತ್ರ ಅರ್ಥವೂ ದೇವರದೇ ಎನ್ನುತ್ತಾನೆ.

ರೋಬೊಟ್ ಮತ್ತು ಭವಿಷ್ಯವಾಣಿ ಎರಡೂ ಅಕ್ಷರಶಃ ಒಟ್ಟಿಗೆ ಬರುವ ಹಳೆಯ ಕಥೆಯೊಂದು ಬೌದ್ಧರಲ್ಲಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಪಾಲಿ ಅಟ್ಠಕಥೆಯ ಪ್ರಕಾರ ಅಜಾತಶತ್ರು ಬುದ್ಧನ ಧಾತುಗಳನ್ನು ನೆಲದಡಿಯಲ್ಲಿ ಹೂಳಿಸಿದ. ಅವುಗಳ ಸುತ್ತ ಕತ್ತಿ ಹಿಡಿದು ಗಾಳಿಯ ವೇಗದಲ್ಲಿ ತಿರುಗುವ ಯಂತ್ರಪುರುಷರ ಕಾವಲು. ಒಳಗೊಂದು ಚಿನ್ನದ ತಗಡು, ಮುಂದೆ ಪಿಯದಾಸ ಎಂಬ ಕುಮಾರ ಅಶೋಕನೆಂಬ ಧರ್ಮರಾಜನಾಗಿ ಈ ಧಾತುಗಳನ್ನು ಹಂಚುವನು ಎಂಬ ಬರಹ. ಅಶೋಕ ಬಂದ, ವಿಶ್ವಕರ್ಮನ ಬಾಣದಿಂದ ಯಂತ್ರ ಕಳಚಿಬಿತ್ತು, ತಗಡು ಓದಿದ. 'ಲೋಕಪಞ್ಞತ್ತಿ' ಎಂಬ ನಂತರದ ಕೃತಿಯಲ್ಲಿ ಈ ಯಂತ್ರವಿದ್ಯೆ ರೋಮ್ ದೇಶದಿಂದ ಕದ್ದು ತಂದದ್ದು ಎಂಬ ರೋಚಕ ಉಪಕಥೆಯೂ ಇದೆ. ಭವಿಷ್ಯ ತಗಡಿನಲ್ಲಿದ್ದಂತೆಯೇ ನಡೆಯಿತು, ಏಕೆಂದರೆ ಕಥೆ ಬರೆದವರು ಅಶೋಕನಿಗಿಂತ ಎಷ್ಟೋ ನೂರು ವರ್ಷ ಈಚಿನವರು.

ಧರ್ಮಸಂಸ್ಥೆಗಳು ಈ ಬಗ್ಗೆ ಏನು ಹೇಳಿವೆ? ಬೀದಿ ಪ್ರವಚನಕ್ಕೂ ಅಧಿಕೃತ ಮಾತಿಗೂ ಅಂತರವಿದೆ. ವ್ಯಾಟಿಕನ್ 2025ರ ಜನವರಿ 28ರ ದಿನಾಂಕ ಹಾಕಿ 'ಆಂಟಿಕ್ವಾ ಎಟ್ ನೋವಾ' ಎಂಬ ದೀರ್ಘ ಟಿಪ್ಪಣಿ ಹೊರಡಿಸಿತು. ಕೆಲಸ, ಯುದ್ಧ, ಶಿಕ್ಷಣ, ವೈದ್ಯಕೀಯ ಎಲ್ಲದರ ಕುರಿತು ವಿಸ್ತಾರವಾಗಿ ಬರೆದ ಅದು ವಿಗ್ರಹಾರಾಧನೆಯ ಪ್ರಸ್ತಾಪ ಬಂದಾಗ ಒಂದು ಮಾತು ಹೇಳುತ್ತದೆ. ಕೀರ್ತನೆಗಳಲ್ಲಿ ಬರುವ ವಿಗ್ರಹಗಳಿಗೆ ಬಾಯಿದ್ದರೂ ಮಾತಿಲ್ಲ, ಎಐ ಮಾತಾಡುತ್ತದೆ ಅಥವಾ ಮಾತಾಡುವ ಭ್ರಮೆ ಹುಟ್ಟಿಸುತ್ತದೆ, ಆದ್ದರಿಂದ ಅದರ ಸೆಳೆತ ಹೆಚ್ಚು. ಅಲ್ಲಿ ಕಂಸದೊಳಗೆ ಪ್ರಕಟನೆ 13ರ 15ನೇ ವಚನದ ಉಲ್ಲೇಖವಿದೆ. ಅಷ್ಟೇ. ಭವಿಷ್ಯ ನೆರವೇರಿತು ಎಂದಿಲ್ಲ. ಜನ ತಾವೇ ಮಾಡಿದ ವಸ್ತುವಿಗೆ ಶರಣಾಗುವ ಚಾಳಿಯ ಮೇಲೆ ಬೆರಳಿಟ್ಟು ಮುಂದೆ ಹೋಗುತ್ತದೆ. ನನಗೆ ಇದು ಈ ವಚನದ ಅತ್ಯಂತ ಪ್ರಾಮಾಣಿಕ ಬಳಕೆ ಎನಿಸುತ್ತದೆ. ಆ ಅಧ್ಯಾಯದಲ್ಲಿ ಮೂರ್ತಿ ತಾನಾಗಿ ಮಾತಾಡುವುದಿಲ್ಲ, ಉಸಿರು ಕೊಟ್ಟವನು ಬೇರೆ, ಲಾಭ ಪಡೆದವನು ಮತ್ತೂ ಬೇರೆ. ಗ್ಲೈಕಾನ್ ಸರ್ಪದ ಕೊಳವೆಯ ಇನ್ನೊಂದು ತುದಿಯಲ್ಲಿ ಯಾರಿದ್ದರೋ ಅವರನ್ನು ವಿಚಾರಿಸಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್, 1891ರಲ್ಲಿ ಕಾರ್ಮಿಕರ ಪರವಾಗಿ ಬರೆದ ಹದಿಮೂರನೇ ಲಿಯೋ ಅವರನ್ನು ನೆನೆದು, ಎಐ ತಂದಿರುವ ಹೊಸ ಕೈಗಾರಿಕಾ ಕ್ರಾಂತಿಯ ಕಾರಣ ಕೊಟ್ಟು ತಾವು ಹದಿನಾಲ್ಕನೇ ಲಿಯೋ ಆದರು. ಮೃಗದ ಮಾತಿಲ್ಲ, ಕೂಲಿಯ ಮಾತಿದೆ.

ಅತ್ತ ದೇವರನ್ನೇ ಯಂತ್ರದಲ್ಲಿ ಮಾತಾಡಿಸುವ ಕೆಲಸ ನಡೆದೇ ಇದೆ. 2024ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ಪಟ್ಟಣದ ಪುಟ್ಟ ಚರ್ಚೊಂದರಲ್ಲಿ, ಪಾಪನಿವೇದನೆಯ ಗೂಡಿನ ಜಾಲರಿಯ ಹಿಂದೆ ಎಐ ಯೇಸುವಿನ ಮುಖ ಕಾಣಿಸಿಕೊಂಡು ಸುಮಾರು ನೂರು ಭಾಷೆಗಳಲ್ಲಿ ಉತ್ತರಿಸಿತು. ಖಾಸಗಿ ವಿಷಯ ಹೇಳಬೇಡಿ ಎಂದು ಬಂದವರಿಗೆ ಮೊದಲೇ ಎಚ್ಚರಿಕೆ. ನಿವೇದನೆಯ ಗೂಡಿನಲ್ಲಿ! 2023ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಮಾಡಿದ ಗೀತಾಜಿಪಿಟಿ ಕೃಷ್ಣನ ದನಿಯಲ್ಲಿ ಸಲಹೆ ಕೊಡತೊಡಗಿತು. ಅಂಥದೇ ಕೆಲವು ಬಾಟ್‌ಗಳು ಧರ್ಮಕ್ಕಾಗಿ ಕೊಲ್ಲುವುದು ಸರಿ ಎಂದ ವರದಿಗಳೂ ಬಂದವು. ಇಂಥ ಯಂತ್ರಕ್ಕೆ ನೀನೇ ಆ ಮೃಗವೆ ಎಂದು ಕೇಳಿದರೂ ಅದು ಉತ್ತರಿಸುತ್ತದೆ, ಆ ಉತ್ತರ ಅದು ಓದಿಕೊಂಡ ಸಾವಿರಾರು ಪ್ರವಚನಗಳ ಕಲಸುಮೇಲೋಗರ.

ಈಗ ಉಳಿದಿರುವುದು ಎಲ್ಲಕ್ಕಿಂತ ಹೊಸ ಕಾಲಜ್ಞಾನ, ಎಐ ಮಾಡುವವರದೇ. ರೇ ಕರ್ಜ್‌ವೈಲ್ 2005ರ ತಮ್ಮ ಪುಸ್ತಕದಲ್ಲಿ 2045ಕ್ಕೆ ಮನುಷ್ಯ-ಯಂತ್ರಗಳ ಬುದ್ಧಿ ಬೆರೆತುಹೋಗುವ ಘಟ್ಟ ಬರುತ್ತದೆ ಎಂದರು. ಸತ್ತ ತಂದೆಯನ್ನು ಅವರು ಬಿಟ್ಟುಹೋದ ಕಾಗದಪತ್ರಗಳಿಂದ ಮತ್ತೆ ರೂಪಿಸುವ ಆಸೆಯನ್ನೂ ಅವರು ಮುಚ್ಚಿಟ್ಟಿಲ್ಲ. ಮರಣದ ಮೇಲೆ ಜಯ, ಪುನರುತ್ಥಾನ, ಹೊಸ ಲೋಕ, ಯಾವುದೂ ಬಿಟ್ಟುಹೋಗಿಲ್ಲ. ಗೂಗಲ್‌ನಲ್ಲಿ ಚಾಲಕರಹಿತ ಕಾರು ಮಾಡುತ್ತಿದ್ದ ಆಂಟನಿ ಲೆವಾಂಡೋವ್ಸ್ಕಿ ಎಐ ದೇವರಿಗಾಗಿ 'ವೇ ಆಫ್ ದಿ ಫ್ಯೂಚರ್' ಎಂಬ ಚರ್ಚನ್ನೇ ನೋಂದಾಯಿಸಿದರು, ಕೆಲವೇ ವರ್ಷಗಳಲ್ಲಿ ಮುಚ್ಚಿದರು, 2023ರಲ್ಲಿ ಮತ್ತೆ ತೆರೆಯುವುದಾಗಿ ಹೇಳಿದರು. 2014ರಲ್ಲಿ ಎಲಾನ್ ಮಸ್ಕ್ ಎಐ ಮಾಡುವುದೆಂದರೆ ದೆವ್ವವನ್ನು ಕರೆಸಿದಂತೆ ಎಂದರು. ಮರುವರ್ಷ ಡಿಸೆಂಬರಿನಲ್ಲಿ ಓಪನ್‌ಎಐ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಪ್ರಳಯದ ಭಯ ಹೇಳಿದ ಕಡೆಯೇ ಬಂಡವಾಳ ಹರಿಯಿತು. ಕೆಟ್ಟವರ ಕೈಗೆ ಸಿಗುವ ಮುನ್ನ ನಾವೇ ಮಾಡಿಬಿಡೋಣ ಎಂಬುದು ವಾದ. ಧರ್ಮಗ್ರಂಥಗಳ ಭವಿಷ್ಯವಾಣಿ ಎಐಯನ್ನು ಹುಟ್ಟಿಸಲಿಲ್ಲ, ಈ ಭವಿಷ್ಯವಾಣಿ ಹುಟ್ಟಿಸಿತು ಎಂದರೆ ಹೆಚ್ಚು ತಪ್ಪಾಗಲಾರದು.

ವಿಚಿತ್ರದ ತುತ್ತತುದಿ ಪೀಟರ್ ಥೀಲ್. ಪೇಪಾಲ್, ಪ್ಯಾಲಂಟೀರ್ ಸಂಸ್ಥೆಗಳ ಸಹಸ್ಥಾಪಕ. 2025ರ ಶರತ್ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಹ್ವಾನಿತರಿಗಾಗಿ, ಅಂತ್ಯಕಾಲದಲ್ಲಿ ಬರುವನೆಂದು ಕ್ರೈಸ್ತರು ನಂಬುವ ಕ್ರಿಸ್ತವಿರೋಧಿಯ ಕುರಿತು ನಾಲ್ಕು ಉಪನ್ಯಾಸ ಕೊಟ್ಟರು. ಅವರ ಪ್ರಕಾರ ಕ್ರಿಸ್ತವಿರೋಧಿ ಎಐ ಅಲ್ಲ, ಎಐ ಪ್ರಳಯದ ಭಯ ಹುಟ್ಟಿಸಿ, ಶಾಂತಿ ಸುರಕ್ಷತೆ ಎನ್ನುತ್ತ, ವಿಜ್ಞಾನಕ್ಕೆ ಕಡಿವಾಣ ಹಾಕಿ ಲೋಕಕ್ಕೆಲ್ಲ ಒಂದೇ ಸರ್ಕಾರ ತರುವವನೇ ಕ್ರಿಸ್ತವಿರೋಧಿ. ಪ್ಯಾಲಂಟೀರ್ ಸರ್ಕಾರಗಳಿಗೆ ಜನರ ದತ್ತಾಂಶ ಜೋಡಿಸಿಕೊಡುವ ಕಂಪನಿ. ಹಳ್ಳಿಯ ಪಾಸ್ಟರ್ ಬೈಬಲ್ ಹಿಡಿದು ಅಂಥ ಕಂಪನಿಯತ್ತ ಬೆರಳು ತೋರಿಸುತ್ತಾನೆ, ಕಂಪನಿಯ ಸಹಸ್ಥಾಪಕ ಅದೇ ಬೈಬಲ್ ಹಿಡಿದು ನಿಯಂತ್ರಣ ಕೇಳುವವರತ್ತ ಬೆರಳು ತೋರಿಸುತ್ತಾನೆ.

ಆದರೂ ಈ ಹೊಸ ಕಾಲಜ್ಞಾನಿಗಳಲ್ಲಿ ಕರ್ಜ್‌ವೈಲ್ ಬಗ್ಗೆ ನನಗೊಂದು ಗೌರವವಿದೆ. 2002ರಲ್ಲಿ ಅವರು ಲೋಟಸ್ ಸಾಫ್ಟ್‌ವೇರ್ ಸಂಸ್ಥಾಪಕ ಮಿಚ್ ಕೇಪರ್ ಜೊತೆ ಬಹಿರಂಗ ಪಣ ಕಟ್ಟಿದರು. 2029ರೊಳಗೆ ಯಂತ್ರ ಟ್ಯೂರಿಂಗ್ ಪರೀಕ್ಷೆ ಗೆಲ್ಲುತ್ತದೆ ಎಂಬುದು ಕರ್ಜ್‌ವೈಲ್ ಪಟ್ಟು, ಇಲ್ಲ ಎಂಬುದು ಕೇಪರ್ ಪಟ್ಟು. ಮೊತ್ತ 20,000 ಡಾಲರ್, ಗೆದ್ದವರು ಹೇಳಿದ ಸೇವಾಸಂಸ್ಥೆಗೆ. ಮೂವರು ತೀರ್ಪುಗಾರರು, ಒಂದು ಯಂತ್ರದ ಜೊತೆ ಮೂವರು ಮನುಷ್ಯರು, ಪ್ರತಿಯೊಬ್ಬರೊಡನೆ ಎರಡೆರಡು ಗಂಟೆಯ ಸಂಭಾಷಣೆ, ಕನಿಷ್ಠ ಇಬ್ಬರು ತೀರ್ಪುಗಾರರು ಯಂತ್ರವನ್ನು ಮನುಷ್ಯನೆಂದು ನಂಬಬೇಕು. ಯಾವಾಗ ಗೆದ್ದಂತೆ, ಯಾವಾಗ ಸೋತಂತೆ, ಎಲ್ಲವೂ ಮೊದಲೇ ಕಾಗದದ ಮೇಲಿದೆ. ಪ್ರಕಟನೆಯನ್ನೋ ದಜ್ಜಾಲನನ್ನೋ ಕಲ್ಕಿಯನ್ನೋ ಎಐಗೆ ಹೊಂದಿಸುವ ಯಾವ ಪ್ರವಚನಕಾರನೂ ಇಂಥದೊಂದು ಕಾಗದಕ್ಕೆ ಸಹಿ ಹಾಕಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.